ಸ್ವಾಮಿಗಳ ತಣ್ಣೀರು

ಮಾಲೆ ಹಾಕಿಕೊಂಡ ದಿನದಿಂದ ಹುಲುಗೇಶನಿಗೆ ನಾನು ‘ಮಾತಾ’ ಆದೆ. ಅದರ ಹಿಂದಿನ ದಿನದವರೆಗೆ ಮುದುಕಿ ಆಗಿದ್ದೆ. ಅವರ ಹೊಲದ ಬದುವಿನಲ್ಲಿ ಒಣಗಿ ಬಿದ್ದ ಜಾಲಿ ಕಟ್ಟಿಗೆ ಆರಿಸಲು ಹೋದರೆ, “ಏ ಮುದುಕಿ, ಯಾರಪ್ಪನ ಹೊಲ ಅಂತ ಬಂದೀಯ?” ಎಂದು ಕೂಗುತ್ತಿದ್ದವನು, ಕಪ್ಪು ಪಂಚೆ ಉಟ್ಟು ಹಣೆತುಂಬ ಗಂಧ ಬಳಿದುಕೊಂಡ ಮೇಲೆ, ಎದುರು ಸಿಕ್ಕರೆ ಕೈಮುಗಿದು “ಸ್ವಾಮಿ ಶರಣಂ, ಮಾತಾ” ಅನ್ನತೊಡಗಿದ. ನಾನೂ “ಸ್ವಾಮಿ ಶರಣಂ” ಅನ್ನುತ್ತಿದ್ದೆ. ಪದ್ಧತಿ ಹಾಗೆ. ಅಯ್ಯಪ್ಪನ ಮಾಲೆ ಕೊರಳಲ್ಲಿ ಇರುವಷ್ಟು ದಿನ ಹೆತ್ತ ತಾಯಿಯೂ ಮಗನ ಕಾಲಿಗೆ ಬೀಳಬೇಕು, ಸ್ವಾಮಿ ಎಂದೇ ಕರೆಯಬೇಕು. ಬೈಯುವಂತಿಲ್ಲ, ಎದುರು ಮಾತಾಡುವಂತಿಲ್ಲ. ಕಟ್ಟಿಗೆಯನ್ನು ಮಾತ್ರ ಆಗಲೂ ಆರಿಸಲು ಬಿಡಲಿಲ್ಲ. “ಮಾತಾ, ಆ ಕಡಿ ಹೋಗಬ್ಯಾಡ್ರಿ” ಎಂದು ಮರ್ಯಾದೆಯಿಂದ ಓಡಿಸಿದ. ಓಡಿಸುವುದರಲ್ಲೂ ವ್ರತ ಪಾಲಿಸಿದ ಎಂದುಕೊಂಡು ಬರಿಗೈಯಲ್ಲಿ ಬಂದೆ.

ಈ ಹುಲುಗೇಶ ಮರುಳಪ್ಪನ ಮಗ. ಮರುಳಪ್ಪ ನಮ್ಮೂರಿನ ಗುರುಸ್ವಾಮಿ. ಬೆಟ್ಟ ಹತ್ತಿ ಇಳಿದು ಹತ್ತಿ ಇಳಿದು ಆ ಪದವಿಗೆ ಬಂದವನು. ಅರಸೀಕೆರೆಯಿಂದ ಬರುವ ಬಸ್ಸು ತಿರುಗಿಕೊಳ್ಳುವ ಬಯಲಿನಲ್ಲಿ ಅವರ ಸನ್ನಿಧಾನ. ನಾಲ್ಕು ಗಳ, ಮೇಲೆ ತಗಡು, ಒಳಗೆ ಪಟ, ಹೊರಗೆ ಮೈಕು, ಸುತ್ತ ಮಿಣಮಿಣ ದೀಪದ ಸರ. ಪಕ್ಕದಲ್ಲಿ ನೀಲಿ ತಾಡಪಾಲು ಕಟ್ಟಿ ಮರೆ ಮಾಡಿದ ಬಚ್ಚಲು. ಬೆಳಗಿನ ಜಾವ ಕೋಳಿಗಿಂತ ಮೊದಲು ಮರುಳಪ್ಪ ಕೂಗುತ್ತಿದ್ದ. ಮೈಕಿನಲ್ಲಿ ದಿನಾ ಒಂದೇ ಉಪದೇಶ: “ತಣ್ಣೀರ ಸ್ನಾನವೇ ವ್ರತದ ಬೇರು! ಬಿಸಿನೀರು ಬಯಸೋ ದೇಹ ಭೋಗ ಬಯಸತೈತಿ!” ನಾವು ಮನೆಮನೆಯಲ್ಲಿ ಕೌದಿ ಹೊದ್ದು ಮಲಗಿದ ಭೋಗಿಗಳು ಅದನ್ನು ಕೇಳಿಸಿಕೊಂಡು ಮಗ್ಗುಲು ಬದಲಿಸುತ್ತಿದ್ದೆವು. ಉಪದೇಶ ಮುಗಿಯುತ್ತಲೇ ತಾಡಪಾಲಿನ ಹಿಂದೆ ನೀರು ಸುರಿಯುವ ಸದ್ದು, “ಸ್ವಾಮಿಯೇ ಶರಣಮಯ್ಯಪ್ಪ” ಎಂಬ ಆರ್ಭಟ.

ಆ ವರ್ಷದ ಚಳಿಯೂ ಹಾಗೇ ಇತ್ತು. ಮೆಕ್ಕೆಜೋಳ ಮುರಿದು ಬಯಲಾದ ಹೊಲಗಳ ಮೇಲಿಂದ ಗಾಳಿ ನೆಟ್ಟಗೆ ಊರಿಗೆ ನುಗ್ಗುತ್ತಿತ್ತು. ನಾಯಿಗಳು ಒಲೆಯ ಬೂದಿ ಬಿಟ್ಟು ಏಳುತ್ತಿರಲಿಲ್ಲ.

ನಮ್ಮದು ಕೇರಿಯ ಕೊನೆಯ ಮನೆ. ಕರೆಂಟಿನ ಕಂಬದ ಸಾಲು ನಮ್ಮ ಬಾಗಿಲಿಗೆ ಬಂದು ಸಾಕಾಗಿ ನಿಂತಿದೆ. ಮನೆಯಲ್ಲಿ ನಾನು, ಮಗ ಭೀಮರಾಜ, ಸೊಸೆ ರಮಾ. ಭೀಮರಾಜ ಹರಪನಹಳ್ಳಿಯ ಒಂದು ಕಚೇರಿಯಲ್ಲಿ ಅಟೆಂಡರ್. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಾನೆ. ಕಚೇರಿಯ ಫ್ಯಾನಿನ ಗಾಳಿ ತಾಗಿದ ಮೇಲೆ ಅವನ ಕಣ್ಣಿಗೆ ಮನೆಯ ಹೆಂಗಸರು ಮಾಡುವುದೆಲ್ಲ ಹುಡುಗಾಟ. ಅದರಲ್ಲೂ ರಮಾಳ ಪೆಟ್ಟಿಗೆ.

ಪೆಟ್ಟಿಗೆ ಎಂದರೆ ಮೊಟ್ಟೆಗೆ ಕಾವು ಕೊಡುವ ಮಿಷನ್ನು. ಇಟ್ಟಿಗಿಯಲ್ಲಿರುವ ಅವಳ ತಮ್ಮ ತಂದುಕೊಟ್ಟಿದ್ದ. ಬಿಳಿ ಥರ್ಮಾಕೋಲು, ಒಳಗೆ ಎರಡು ಬಲ್ಬು, ಬೆಂಕಿಪೊಟ್ಟಣದಷ್ಟು ಫ್ಯಾನು, ಮೇಲೊಂದು ಗಾಜು. “ಮೂರು ಸಲ ಇಟ್ಟು ನೋಡಕ್ಕ. ಆಗಲಿಲ್ಲಂದ್ರ ನಮ್ಮೂರಾಗ ಬ್ಯಾರೇರು ಕೇಳ್ಯಾರ, ಅವರಿಗೆ ಕೊಡ್ತೀನಿ” ಎಂದು ಹೇಳಿ ಹೋಗಿದ್ದ. ಮೊದಲ ಸಲ ರಮಾ ಹುಂಜದ ಮುಖವನ್ನೇ ಕಾಣದ ಕೋಳಿಗಳ ಮೊಟ್ಟೆ ತಂದಿಟ್ಟಳು. ಆ ಮೊಟ್ಟೆಗಳನ್ನು ಸಂಕ್ರಾಂತಿಯಿಂದ ಸಂಕ್ರಾಂತಿಯವರೆಗೆ ಇಟ್ಟಿದ್ದರೂ ನಾತ ಬಿಟ್ಟರೆ ಬೇರೇನೂ ಹುಟ್ಟುತ್ತಿರಲಿಲ್ಲ. ಎರಡನೆಯ ಸಲ, ಒಲೆಯ ಮೇಲಿನ ಅನ್ನ ಬೆಂದಿತೇ ಎಂದು ನೋಡುವ ಹಾಗೆ, ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡಿ ಕೆಡಿಸಿದಳು. ಇದು ಮೂರನೆಯದು. ಈ ಸಲ ಹುಂಜ ಇರುವ ಮನೆಗಳನ್ನೇ ಹುಡುಕಿ ಮೊಟ್ಟೆ ತಂದಿದ್ದಳು. ಮುಚ್ಚಳದ ಮೇಲೆ ಕಲ್ಲಿಟ್ಟಿದ್ದಳು, ತನ್ನ ಕೈಯನ್ನು ತಾನೇ ತಡೆಯಲಿಕ್ಕೆ.

ನಾನು ಮೊದಮೊದಲು ನಕ್ಕಿದ್ದೆ. “ಕೋಳಿಗೆ ಕೂರಾಕ ಹರಕು ಬುಟ್ಟಿ ಸಾಕು, ನಿನಗ ಕರೆಂಟು ಬೇಕು” ಅಂದಿದ್ದೆ.

ಅವಳು ನಗಲಿಲ್ಲ. “ಅತ್ತಿ, ಇದೊಂದು ಕೈ ಹಿಡೀತಂದ್ರ ನಾನು ಹುಲುಗೇಶನ ಹೊಲಕ್ಕ ಹೋಗೋದು ತಪ್ಪುತೈತಿ. ಕಳಿ ತೆಗೀವಾಗ ಬದುವಿನ ಮ್ಯಾಲ ನಿಂತು ಅವನು ಅನ್ನೋ ಮಾತು ನೀವು ಕೇಳಿಲ್ಲ” ಅಂದಳು. ಆಮೇಲೆ ನಾನೂ ನಗುವುದು ಬಿಟ್ಟೆ.

ಇನ್ನೆರಡು ಮೂರು ದಿನದಲ್ಲಿ ಮರಿ ಒಡೆಯಬೇಕು ಅನ್ನುವಾಗ ಅದಾಯಿತು. ಜಾವದಲ್ಲಿ ಮೈಕು ಎದ್ದಿತ್ತು. “ಬಿಸಿನೀರು ಬಯಸೋ ದೇಹ—” ಅನ್ನುವಷ್ಟರಲ್ಲಿ ಬಯಲಿನ ಕಡೆ ಢಬ್ ಎಂದು ಸದ್ದಾಯಿತು. ಮೈಕು ನಿಂತಿತು. ದೀಪದ ಸರ ನಿಂತಿತು. ಊರಿಗೆ ಊರೇ ಕಪ್ಪಾಯಿತು. ರಮಾ ಕತ್ತಲಲ್ಲೇ ಓಡಿಹೋಗಿ ಪೆಟ್ಟಿಗೆಯ ಗಾಜಿನ ಮೇಲೆ ಕೈಯಿಟ್ಟು ನಿಂತಳು. ಬಲ್ಬು ಆರಿದರೂ ಗಾಜು ಇನ್ನೂ ಬೆಚ್ಚಗಿತ್ತು. “ಈಗ ಬರತೈತಿ ಬಿಡು” ಅಂದೆ. ಬರಲಿಲ್ಲ.

ಹೊತ್ತು ಏರಿದ ಮೇಲೆ ಲೈನ್‌ಮನ್ ಅಂಜಿನೇಯಲು ಮಂಗನ ಟೋಪಿ ಹಾಕಿಕೊಂಡು ಬೈಕಿನಲ್ಲಿ ಬಂದ. ಊರ ಜನ ಬಯಲಿನಲ್ಲಿ ಸೇರಿದೆವು. ಕಂಬದ ಮೇಲಿನ ಟ್ರಾನ್ಸ್‌ಫಾರ್ಮರು, ನಮ್ಮ ಬಾಯಲ್ಲಿ ಟಿಸಿ, ಸುಟ್ಟು ಕರಿ ಎಣ್ಣೆ ಕಾರಿಕೊಂಡಿತ್ತು. ಅದರ ಪಕ್ಕದ ತಂತಿಗೆ ಎರಡು ವೈರಿನ ಕೊಂಡಿ ನೇತುಬಿದ್ದಿದ್ದವು. ಒಂದು ವೈರು ಸನ್ನಿಧಾನದ ದೀಪದ ಸರಕ್ಕೆ ಹೋಗಿತ್ತು. ಇನ್ನೊಂದು ದಪ್ಪನೆಯದು ನೀಲಿ ತಾಡಪಾಲಿನ ಹಿಂದಕ್ಕೆ ಹೋಗಿತ್ತು. ಬಚ್ಚಲಿನಲ್ಲಿ ದಪ್ಪ ವೈರಿಗೆ ಏನು ಕೆಲಸ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಸ್ವಾಮಿಗಳನ್ನು ಕೇಳಿದಂತಾಗುತ್ತದೆ. ಅಂಜಿನೇಯಲು ಗಳ ಹಿಡಿದು ಕೊಂಡಿಗಳನ್ನು ಇಳಿಸಿದ, ವೈರನ್ನು ನೀಟಾಗಿ ಸುತ್ತಿದ, ಎರಡೂ ಕೈಯಲ್ಲಿ ಹಿಡಿದು ಪ್ರಸಾದದ ಹಾಗೆ ಹುಲುಗೇಶನಿಗೆ ಒಪ್ಪಿಸಿ “ಸ್ವಾಮಿ ಶರಣಂ” ಅಂದ. ಆಮೇಲೆ ಜನರ ಕಡೆ ತಿರುಗಿದ.

“ಲೋಡ್ ಜಾಸ್ತಿ ಆಗಿ ಹೋಗೈತ್ರಿ. ಯಾರೋ ಕೊಂಡಿ ಹಾಕ್ಯಾರ.”

“ಯಾರು ಹಾಕ್ಯಾರ?” ಎಂದೆ.

ಕೊಂಡಿ ಹುಲುಗೇಶನ ಕಂಕುಳಲ್ಲಿತ್ತು. ಅಂಜಿನೇಯಲು ನಮ್ಮ ಕೇರಿಯ ಕಡೆ ನೋಡಿದ.

ಮರುಳಪ್ಪ ಗಡ್ಡ ನೀವಿಕೊಂಡ. “ಕೊನೀ ಮನ್ಯಾಗ ಹಗಲೂ ರಾತ್ರಿ ಅದೇನೋ ಮಿಷನ್ ಉರೀತೈತಂತಲ್ಲ, ಅದರ ಲೋಡು ಎಷ್ಟು ಅಂತ ಯಾರಾದ್ರೂ ಕೇಳ್ಯಾರೇನು? ಯಾರಿಂದ ಆಗೈತೋ ಅವರು ಇಳಿಸಿ ಒಯ್ದು ಬ್ಯಾರೆ ತರಲಿ. ನಾವು ಸ್ವಾಮಿಗಳು, ಯಾರ ಮ್ಯಾಲೂ ಹೊರಸಂಗಿಲ್ಲ.”

ಹೊರಿಸಿ ಮುಗಿಸಿಯೇ ಹೊರಸಂಗಿಲ್ಲ ಅಂದ. ಎರಡು ಬಲ್ಬಿನ ಪೆಟ್ಟಿಗೆ ಊರಿನ ಟಿಸಿಯನ್ನು ನುಂಗಿತಂತೆ. ಇಲಿ ಎಮ್ಮೆ ತಿಂದಿತು ಅಂದರೂ, ಅಂದವನು ಕಪ್ಪು ಪಂಚೆ ಉಟ್ಟಿದ್ದರೆ, ನಮ್ಮೂರು ತಲೆಯಾಡಿಸುತ್ತದೆ.

ಸುಟ್ಟ ಟಿಸಿಯನ್ನು ಕಂಬದಿಂದ ಇಳಿಸಿ ಟ್ರ್ಯಾಕ್ಟರಿಗೆ ಏರಿಸಿಕೊಟ್ಟರೆ ಬದಲಿ ಸಿಗುತ್ತದೆ ಎಂದು ಅಂಜಿನೇಯಲು ಹೇಳಿದ. ಅದಕ್ಕೆ ಹತ್ತು ಗಟ್ಟಿ ಗಂಡಸರು ಬೇಕು, ಟ್ರ್ಯಾಕ್ಟರು ಬೇಕು. ಟ್ರ್ಯಾಕ್ಟರು ಇರುವುದು ಮರುಳಪ್ಪನದು. ಅದಕ್ಕೆ ಆಗಲೇ ಚೆಂಡುಹೂವಿನ ಸರ ಕಟ್ಟಿ ಮೆರವಣಿಗೆಗೆ ಸಿಂಗರಿಸಿದ್ದರು. ಇರುಮುಡಿ ಕಟ್ಟಿ ಬೆಟ್ಟಕ್ಕೆ ಹೊರಡುವ ತನಕ ಅದು ಬೇರೆ ಕೆಲಸಕ್ಕೆ ಇಳಿಯುವಂತಿಲ್ಲವಂತೆ. ಗಟ್ಟಿ ಗಂಡಸರೆಲ್ಲ ಆ ವರ್ಷ ಸ್ವಾಮಿಗಳಾಗಿದ್ದರು. ಭಾರ ಎತ್ತಿದರೆ ವ್ರತಕ್ಕೆ ಕುಂದಂತೆ. ಮಧ್ಯಾಹ್ನಕ್ಕೆ ಕೊಟ್ಟೂರಿನಿಂದ ಬಾಡಿಗೆ ಜನರೇಟರ್ ಬಂತು. ಅದನ್ನು ಗಾಡಿಯಿಂದ ಇಳಿಸಿದವರು ಇದೇ ಕುಂದು ಬರಬಾರದ ಸ್ವಾಮಿಗಳು. ಸಂಜೆಗೆ ಮೈಕು ಮತ್ತೆ ಎದ್ದಿತು, ಸರ ಮತ್ತೆ ಮಿಣುಗಿತು. ಊರು ಕತ್ತಲಲ್ಲಿತ್ತು.

ರಮಾ ಸೆರಗು ಹೊದ್ದು ಹೊರಟಳು. ನಾನೂ ಹಿಂದೆ ಹೋದೆ. ಸನ್ನಿಧಾನದ ಹೊರಗೆ ನಿಂತು ಕೈಮುಗಿದಳು.

“ಸ್ವಾಮಿ, ಜನರೇಟರಿಂದ ಒಂದು ವೈರ್ ಎಳಕಂತೀನಿ. ಎರಡು ಬಲ್ಬಿನಷ್ಟು ಸಾಕು. ಇನ್ನ ಎರಡು ದಿನ.”

“ಏನಕ್ಕಮ್ಮ?” ಎಂದ ಮರುಳಪ್ಪ.

“ಮೊಟ್ಟಿ ಇಟ್ಟೀನ್ರಿ, ಮರಿ—”

ಮರುಳಪ್ಪ ಎರಡೂ ಕಿವಿ ಮುಚ್ಚಿಕೊಂಡ. “ಶರಣಮಯ್ಯಪ್ಪ! ಸನ್ನಿಧಾನದಾಗ ಆ ಹೆಸರು ತೆಗೀಬ್ಯಾಡ ತಾಯಿ!”

ಹುಲುಗೇಶ ನಡುವೆ ಬಂದ. “ಈ ಕರೆಂಟು ಭಗವಂತನದು. ಮೊಟ್ಟಿಗಿ ಹೋದ್ರ ಮೈಲಿಗಿ ಆಗತೈತಿ. ಊರು ಸುಟ್ಟದ್ದು ಸಾಲದಾತೇನು? ನಡೀರಿ ಮಾತಾ.”

ಕರೆಂಟಿಗೂ ಮೈಲಿಗೆ ತಾಗುತ್ತದೆ ಎಂದು ಅವತ್ತು ತಿಳಿಯಿತು. ಕಂಬದಲ್ಲಿ ಹರಿದು ಬರುವಾಗ ಅದು ಯಾವ ಯಾವ ಮನೆ ಹೊಕ್ಕು, ಏನೇನು ಮುಟ್ಟಿ ಬಂದಿರುತ್ತದೋ; ಆಗೆಲ್ಲ ಮಡಿ. ನಮ್ಮ ಕೇರಿಯ ಕಡೆ ತಿರುಗಿದರೆ ಮಾತ್ರ ಮೈಲಿಗೆ. ನಮ್ಮ ಕೇರಿಯಿಂದಲೂ ಒಬ್ಬ ಮಾಲೆ ಹಾಕಿದ್ದ, ಸುಂಕಪ್ಪ. ಮಾಲೆ ಹಾಕಿದ ಮೇಲೆ ಜಾತಿಯಿಲ್ಲ ಎಂದು ಮೈಕಿನಲ್ಲಿ ದಿನಾ ಹೇಳುತ್ತಿದ್ದರು, ಅದಕ್ಕೇ ಬಚ್ಚಲಿನ ಡ್ರಮ್ಮಿಗೆ ನೀರು ತುಂಬುವ ಕೆಲಸ ಅವನೊಬ್ಬನಿಗೇ ಕೊಟ್ಟಿದ್ದರು. ಅವನು ನಮ್ಮನ್ನು ನೋಡಿ ತಲೆ ತಗ್ಗಿಸಿದ.

ಬರುವಾಗ ಬೋರಿಂಗಿನ ಹತ್ತಿರ ಊರೊಳಗಿನ ಓಣಿಯ ದ್ಯಾಮಕ್ಕ ಸಿಕ್ಕಳು. ಕರೆಂಟಿಲ್ಲದೆ ನಲ್ಲಿಗೆ ನೀರಿಲ್ಲ. ಚಳಿಯಲ್ಲಿ ಬೋರಿಂಗು ಜಗ್ಗಿ ಜಗ್ಗಿ ಅವಳ ಕೈ ಕೆಂಪಾಗಿತ್ತು. “ಏ ಗಿಡ್ಡಕ್ಕ, ನಿನ್ನ ಸೊಸಿ ಮರಿ ಮಾಡಾಕ ಹೋಗಿ ಊರಿಗೆಲ್ಲ ಕತ್ತಲಿ ಮಾಡಿದ್ಲಲ್ಲವ್ವ! ಕೋಳಿಗಿ ಇರೋ ಬುದ್ಧಿ ಬ್ಯಾಡೇನು?” ಅಂದಳು. ರಮಾ ಉತ್ತರ ಕೊಡಲು ನಿಂತಳು. ನಾನು ರೆಟ್ಟೆ ಹಿಡಿದು ಎಳೆದುಕೊಂಡು ಬಂದೆ. ಮೊಟ್ಟೆ ತಣ್ಣಗಾಗುತ್ತಿತ್ತು, ದ್ಯಾಮಕ್ಕನನ್ನು ಬೆಚ್ಚಗೆ ಮಾಡಿ ನಮಗೇನು ಲಾಭ?

ಮನೆಯಲ್ಲಿ ಇದ್ದಬದ್ದ ಪ್ಲಾಸ್ಟಿಕ್ ಬಾಟಲಿಗಳನ್ನೆಲ್ಲ ಕೂಡಿಸಿದೆವು. ಒಲೆಗೆ ಮೆಕ್ಕೆಜೋಳದ ಬೆಂಡು ಹಾಕಿ ನೀರು ಕಾಯಿಸಿ, ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ, ಮೊಟ್ಟೆಗಳ ಸುತ್ತ ಇಟ್ಟು, ಪೆಟ್ಟಿಗೆಯ ಮೇಲೆ ಕೌದಿ ಹೊದಿಸಿದೆವು. ಬಾಟಲಿ ಆರಿದರೆ ಮತ್ತೆ ಕಾಯಿಸುವುದು. ನಾನು ಒಂದೊಂದು ಮೊಟ್ಟೆ ಎತ್ತಿ ಮುಚ್ಚಿದ ಕಣ್ಣಿನ ರೆಪ್ಪೆಗೆ ಹಿಡಿದು ನೋಡುತ್ತಿದ್ದೆ. ಕೈಗೆ ಮೋಸ ಆಗುತ್ತದೆ, ರೆಪ್ಪೆಗೆ ಆಗುವುದಿಲ್ಲ. ರಮಾ ಪ್ರತಿ ಸಲ ನನ್ನ ಮುಖ ನೋಡುತ್ತಿದ್ದಳು. “ಐತಿ” ಅನ್ನುತ್ತಿದ್ದೆ. ಅವಳು ಉಸಿರು ಬಿಡುತ್ತಿದ್ದಳು.

ಭೀಮರಾಜ ಬಂದ. ಕಚೇರಿಯಲ್ಲೇ ಮೊಬೈಲಿಗೆ ಚಾರ್ಜು ತುಂಬಿಕೊಂಡು ಬಂದಿದ್ದ. ಅದರ ಬೆಳಕಿನಲ್ಲಿ ಉಂಡ. ಉಂಡು ಕೈತೊಳೆದು ತೀರ್ಪು ಕೊಟ್ಟ. “ನಾಳಿ ನಿನ್ನ ತಮ್ಮಗ ಫೋನ್ ಮಾಡಿ ಒಯ್ಯಾಕ ಹೇಳು. ಊರಾಗ ನನ್ನ ಮಾನ ಹೊಂಟೈತಿ. ಬಸ್ಸಿನ್ಯಾಗ ಎಲ್ಲರೂ ಏನಪಾ ಮೊಟ್ಟಿ ಭೀಮರಾಜ ಅಂತಾರ.”

“ಅನ್ನಲಿ ಬಿಡ್ರಿ. ಅಟೆಂಡರ್ ಭೀಮರಾಜ ಅಂತ ಯಾರೂ ಇಷ್ಟು ದಿನ ಮಾತಾಡಿಸಿದ್ದಿಲ್ಲ” ಎಂದು ರಮಾ ಅವನ ಹೊದಿಕೆಯೊಂದನ್ನು ಎಳೆದುಕೊಂಡಳು.

“ಲೇ, ಚಳಿ ಐತಿ! ನನಗಿಂತ ಮೊಟ್ಟಿ ಹೆಚ್ಚಾದ್ವೇನು?”

“ನಿಮಗ ಕಾವು ಕೊಟ್ಟು ಇಷ್ಟು ವರ್ಷ ಆತು, ಏನು ಹೊರಗ ಬಂತು?”

ನನಗೆ ನಗು ತಡೆಯಲಾಗಲಿಲ್ಲ. ಭೀಮರಾಜ ಗೋಡೆಯ ಕಡೆ ತಿರುಗಿ, ಉಳಿದ ಒಂದು ಹೊದಿಕೆಯಲ್ಲಿ ಮುದುಡಿಕೊಂಡ.

ಮರುದಿನವೆಲ್ಲ ಹೀಗೇ ಒಲೆ ಉರಿಸಿದೆವು. ಸಂಜೆಯ ಹೊತ್ತಿಗೆ ಬೆಂಡಿನ ಮೂಟೆ ತಳ ಕಂಡಿತು. ಸಿಲಿಂಡರು ಮೊದಲೇ ಮುಗಿದಿತ್ತು. ರಮಾ ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದಳು, ಆಮೇಲೆ ನನ್ನ ಕಿವಿಗೆ ಹಿಡಿದಳು. ಒಳಗೆ ಕೀಚ್ ಎಂದಿತು. ಬಾವಿಯ ತಳದಿಂದ ಕೂಗಿದ ಹಾಗೆ, ಅಷ್ಟು ಸಣ್ಣಗೆ.

“ಜೀವ ಐತ್ರೀ ಅತ್ತಿ” ಅಂದಳು. “ಈಗ ತಣ್ಣಗಾದ್ರ ನಾನೇ ಕೊಂದಂಗ ಆಗತೈತಿ. ಮೊದಲೆರಡು ಸಲದಾಗ ಜೀವಾನ ಇದ್ದಿದ್ದಿಲ್ಲ.”

ಅಂದರೆ ಜಾವದ ಹೊತ್ತಿಗೆ ಉರುವಲು ಬೇಕು, ಇಲ್ಲವೆ ಬಿಸಿನೀರು ಬೇಕು. ಮೂಟೆಯ ತಳದಲ್ಲಿದ್ದ ಬೆಂಡಿನಲ್ಲೇ ರಾತ್ರಿ ಕಳೆದೆವು. ಜಾವಕ್ಕೆ ಕತ್ತಲು ಇನ್ನೂ ಹರಿದಿರಲಿಲ್ಲ, ನಾನು ಉರುವಲು ಸಿಗುತ್ತದೇನೋ ಎಂದು ಬುಟ್ಟಿ ಹಿಡಿದು ಬಯಲಿನ ಕಡೆ ಹೋದೆ. ಸನ್ನಿಧಾನದ ಹಿಂದೆ ಜನರೇಟರ್ ಗುಡುಗುತ್ತಿತ್ತು. ಮೈಕು ಭೋಗ ಬಯಸುವ ದೇಹವನ್ನು ಬೈಯುತ್ತಿತ್ತು. ತಾಡಪಾಲಿನ ಹಿಂದೆ ನೀರು ಸುರಿಯಿತು, “ಸ್ವಾಮಿಯೇ ಶರಣಮಯ್ಯಪ್ಪ” ಎಂದು ಹುಲುಗೇಶ ಆರ್ಭಟಿಸಿದ.

ನಾನು ನಿಂತು ಕೇಳಿದೆ. ಆಯಸ್ಸೆಲ್ಲ ತಣ್ಣೀರಿನಲ್ಲೇ ಮಿಂದವಳು ನಾನು. ತಣ್ಣೀರು ಮೈಮೇಲೆ ಬಿದ್ದಾಗ ಮನುಷ್ಯ ಮೊದಲು ‘ಹಾ’ ಎಂದು ಉಸಿರು ಒಳಗೆ ಎಳೆಯುತ್ತಾನೆ. ಆ ಗಳಿಗೆಯಲ್ಲಿ ದೇವರ ಹೆಸರಿರಲಿ, ತನ್ನ ಹೆಸರೂ ಬಾಯಿಗೆ ಬರುವುದಿಲ್ಲ. ಇವನು ಉಸಿರೇ ಎಳೆಯದೆ, ಉಂಡು ಎದ್ದವನ ಹಾಗೆ, ಉದ್ದಕ್ಕೆ ಕೂಗುತ್ತಿದ್ದ. ತಲೆ ಎತ್ತಿ ನೋಡಿದೆ. ತಾಡಪಾಲಿನ ಮೇಲೆ, ಜನರೇಟರಿನ ದೀಪದ ಬೆಳಕಿನಲ್ಲಿ, ಹಬೆ ಏಳುತ್ತಿತ್ತು. ಅನ್ನ ಬಸಿಯುವಾಗ ಏಳುವಂಥ ಹಬೆ.

ಆಗ ದಪ್ಪ ವೈರಿನ ಕೆಲಸ ಅರ್ಥವಾಯಿತು. ಡ್ರಮ್ಮಿಗೆ ಹೀಟರ್ ಬಿಟ್ಟು ವ್ರತ ಮಾಡುತ್ತಿದ್ದರು ನಮ್ಮ ಸ್ವಾಮಿಗಳು. ಟಿಸಿ ಸುಟ್ಟಿದ್ದೂ ಅದೇ ಹೀಟರ್. ಈಗ ಭಗವಂತನ ಕರೆಂಟೂ ಅದೇ ಹೀಟರಿಗೆ.

ಕೂಗಬಹುದಿತ್ತು. ಕೂಗಿದರೆ ಏನಾಗುತ್ತಿತ್ತು? ಕೇರಿಯ ಮುದುಕಿ ಸ್ವಾಮಿಗಳಿಗೆ ಬೈದಳು ಎಂದು ಊರು ನನ್ನ ಮೇಲೇ ಬೀಳುತ್ತಿತ್ತು. ಬುಟ್ಟಿಯನ್ನು ಮನೆಯಲ್ಲಿಟ್ಟು ಬಿಂದಿಗೆ ತೆಗೆದುಕೊಂಡು ಬಂದೆ. ಸ್ನಾನ ಮುಗಿಸಿದ ಸ್ವಾಮಿಗಳು ಸಾಲಾಗಿ ನಿಲ್ಲುವ ಹೊತ್ತಿಗೆ ಊರ ಹೆಂಗಸರು ಬಂದು ಕಾಲಿಗೆ ಬೀಳುವುದು ದಿನದ ಪದ್ಧತಿ. ದ್ಯಾಮಕ್ಕ ಮತ್ತು ಅವಳ ಓಣಿಯವರು ಆಗಲೇ ಸೇರಿದ್ದರು. ಕತ್ತಲಲ್ಲಿ ಎದ್ದು, ಬೋರಿಂಗು ಜಗ್ಗಿ, ತಣ್ಣೀರಿನಲ್ಲಿ ಮಿಂದು, ಒದ್ದೆ ಕೂದಲಲ್ಲಿ ಗಡಗಡ ನಡುಗುತ್ತ ಬಂದವರು. ಹುಲುಗೇಶನಿಗೆ ಚಳಿ ಹೆಚ್ಚೆಂದು ಕಾಣುತ್ತದೆ, ಇನ್ನೂ ಮರೆಯಲ್ಲೇ ಮೀಯುತ್ತಿದ್ದ.

ನಾನು ಬಿಂದಿಗೆ ಕೆಳಗಿಟ್ಟು, ಮರುಳಪ್ಪನ ಎದುರು ನೆಲಕ್ಕೆ ಹಣೆ ಹಚ್ಚಿದೆ.

“ಗುರುಸ್ವಾಮಿ, ನಮ್ಮ ಪೆಟ್ಟಿಗಿಯಿಂದ ಊರಿಗೆ ಕತ್ತಲಿ ಆತು ಅಂದ್ರಿ. ಒಪ್ಪಿಕೊಂಡೆ. ಪಾಪ ತೊಳಕೋಬೇಕು. ನೀವು ಮೀಯೋ ತಣ್ಣೀರು ಒಂದು ಬಿಂದಿಗಿ ಕೊಡ್ರಿ. ಮನ್ಯಾಗ ಚಿಮುಕಿಸ್ತೀನಿ, ತೀರ್ಥ ಅಂತ.”

ಮರುಳಪ್ಪನ ಮುಖ ನೋಡಬೇಕಿತ್ತು. “ಅದೇನು ಮಹಾ ನೀರು ತಾಯಿ! ಬೋರಿಂಗ್ ನೀರೇ. ಅಲ್ಲೇ ಐತಲ್ಲ, ಜಗ್ಗಿಕೊಂಡು ಹೋಗು.”

“ಬೋರಿಂಗಿಗೆ ವ್ರತ ಐತೇನ್ರಿ ಸ್ವಾಮಿ? ನಿಮ್ಮ ಡ್ರಮ್ಮಿನ ನೀರೇ ಬೇಕು. ಅದರಾಗ ನಿಮ್ಮ ತಪಸ್ಸು ಐತಿ.”

“ಆಮ್ಯಾಲ ನೋಡೋಣ, ಪೂಜಿ ಹೊತ್ತಾತು.”

“ಹೊತ್ತಾಗಲಿ ಸ್ವಾಮಿ, ಕೂತಿರ್ತೀನಿ” ಎಂದು ಅಲ್ಲೇ ದಾರಿಗೆ ಅಡ್ಡ ಕೂತೆ. ಕಾಯುವ ಕೆಲಸದಲ್ಲಿ ನನ್ನನ್ನು ಸೋಲಿಸಿದವರು ಇನ್ನೂ ಹುಟ್ಟಿಲ್ಲ.

ನಡುಗುತ್ತಿದ್ದ ದ್ಯಾಮಕ್ಕನಿಗೆ ತಾಳ್ಮೆ ತಪ್ಪಿತು. “ಕೊಡ್ರಿ ಸ್ವಾಮಿ, ಒಂದು ಬಿಂದಿಗಿ ನೀರಿಗೆ ಏನು ಅಷ್ಟು! ಮುದುಕಿ ತಪ್ಪು ಒಪ್ಪಿಕೊಂಡಾಳ.” ಉಳಿದವರೂ “ಕೊಡ್ರಿ, ಕೊಡ್ರಿ” ಅಂದರು.

ನಾನು ಸುಂಕಪ್ಪನ ಕಡೆ ಬಿಂದಿಗೆ ಚಾಚಿದೆ. “ಸುಂಕಪ್ಪ ಸ್ವಾಮಿ, ನೀನೇ ತುಂಬಿಕೊಡು. ಡ್ರಮ್ಮು ತುಂಬೋನು ನೀನೇ ಅಲ್ಲೇನು?”

ಅವನು ಮರುಳಪ್ಪನನ್ನು ನೋಡಿದ. ನನ್ನನ್ನು ನೋಡಿದ. ಬಿಂದಿಗೆ ತೆಗೆದುಕೊಂಡು ತಾಡಪಾಲಿನ ಹಿಂದೆ ಹೋದ. ಅಲ್ಲಿ ಹುಲುಗೇಶ “ಏ, ಏ, ಯಾಕೋ?” ಅನ್ನುವುದು ಕೇಳಿಸಿತು. ಸುಂಕಪ್ಪ ತಿರುಗಿ ಬಂದು ಬಿಂದಿಗೆಯನ್ನು ಹೆಂಗಸರ ನಡುವೆ ಇಟ್ಟ. ಅದರ ಬಾಯಿಯಿಂದ ಹಬೆ ಸುರುಳಿ ಸುರುಳಿಯಾಗಿ ಎದ್ದಿತು. ದ್ಯಾಮಕ್ಕ ಬಗ್ಗಿ ಒಂದು ಬೆರಳು ಅದ್ದಿದಳು.

“ಅಯ್ಯಯ್ಯವ್ವ, ಸುಡತೈತಿ!”

ಮರುಳಪ್ಪ ಗಂಟಲು ಸರಿಮಾಡಿಕೊಂಡ. “ಅದು… ಜನರೇಟರಿನ ಝಳಕ್ಕ…”

“ಸ್ವಾಮಿ,” ಎಂದೆ, “ಮಾಲಿ ಹಾಕ್ಕೊಂಡೋರು ಸುಳ್ಳಾಡಬಾರದಂತ ನೀವೇ ಮೈಕಿನ್ಯಾಗ ಹೇಳ್ತೀರಿ. ಸುಮ್ಮನಿದ್ದುಬಿಡ್ರಿ. ವ್ರತ ಉಳೀತೈತಿ.”

ದ್ಯಾಮಕ್ಕ ತಾಡಪಾಲು ಎತ್ತಿ ನೋಡಲಿಲ್ಲ. ಅಷ್ಟು ಮರ್ಯಾದೆ ಅವಳಿಗಿತ್ತು. ಆದರೆ ಅದರ ಅಡಿಯಿಂದ ಹೊರಬಂದಿದ್ದ ದಪ್ಪ ವೈರನ್ನು ಕಾಲಿನಿಂದ ಮುಟ್ಟಿ, ಅದರ ಗುಂಟ ಜನರೇಟರಿನವರೆಗೆ ಕಣ್ಣು ಹಾಯಿಸಿ, ಅಲ್ಲಿಂದ ಸುಟ್ಟ ಟಿಸಿಯವರೆಗೆ ಹಾಯಿಸಿದಳು. ಕೆಂಪಾದ ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಬಹಳ ಭಕ್ತಿಯಿಂದ ಕೈಮುಗಿದಳು.

“ಸುಂಕಪ್ಪ ಸ್ವಾಮಿ, ನನಗೂ ಒಂದು ಕೊಡ ತೀರ್ಥ. ಮನ್ಯಾಗ ಕೂಸಿಗೆ ಮೈತೊಳೀಬೇಕು.”

“ನಮ್ಮತ್ತಿಗಿ ಮೊಣಕಾಲು ನೋವು, ನನಗೂ ಒಂದು!”

“ನನಗ ಚೊಂಬು ಸಾಕು, ಮುಖಕ್ಕ!”

ಸುಂಕಪ್ಪ ಒಳಗೂ ಹೊರಗೂ ಓಡಾಡಿದ. ಅಷ್ಟು ದಿನದಲ್ಲಿ ಅವನು ನಕ್ಕಿದ್ದನ್ನು ನೋಡಿದ್ದು ಅವತ್ತೇ. ಹೆಂಗಸರು ಮನೆಗೆ ಓಡಿ ಕೊಡ ತಂದರು. ಡ್ರಮ್ಮಿನ ತಳ ಕೆರೆಯುವ ಸದ್ದು ಬಂತು. ಒಳಗೆ ಹುಲುಗೇಶನ ಸ್ನಾನ ಅರ್ಧಕ್ಕೆ ನಿಂತಿತ್ತು. “ಸ್ವಾಮಿ, ಬಿಸೀದು ತೀರಿತು, ಇದನ್ನ ಹಾಕ್ಕೋ” ಎಂದು ಸುಂಕಪ್ಪ ಬೋರಿಂಗಿನ ಬಕೆಟ್ಟು ಒಳಗೆ ತಳ್ಳಿದ. ಆಮೇಲೆ ನೀರು ಸುರಿಯಿತು. ‘ಹಾ… ಹ್ಹಾ…’ ಎಂದು ಉಸಿರು ಒಳಗೆ ಎಳೆಯುವುದು ಬಯಲಿಗೆಲ್ಲ ಕೇಳಿಸಿತು. ಶರಣಂ ಅವನ ಬಾಯಿಗೆ ಬರಲೇ ಇಲ್ಲ. ಆ ವ್ರತದ ಮಂಡಲದಲ್ಲಿ ಅವನು ಮಾಡಿದ ಮೊದಲ ಸ್ನಾನ ಅದು.

ನಾನು ಬಿಂದಿಗೆ ಹೊತ್ತು ಮನೆಗೆ ಬಂದೆ. ರಮಾ ಆರಿದ ಬಾಟಲಿಗಳನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲೇ ಕೂತಿದ್ದಳು. ಬಿಂದಿಗೆಯ ಹಬೆ ನೋಡಿ, “ಎಲ್ಲಿಂದ ತಂದ್ರಿ ಅತ್ತಿ?” ಅಂದಳು.

“ತೀರ್ಥ. ಮೊದಲು ತುಂಬು, ಕತಿ ಆಮ್ಯಾಲ.”

ಬಾಟಲಿ ತುಂಬಿ ಸುತ್ತ ಇಟ್ಟೆವು. ಒಂದು ಮೊಟ್ಟೆಯ ಮೇಲೆ ಆಗಲೇ ಸಣ್ಣ ಬಿರುಕು ಬಿದ್ದಿತ್ತು. ರಮಾ ಕೈ ಚಾಚಿ, ಮತ್ತೆ ಹಿಂದೆಳೆದು, ಎರಡೂ ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಳು. ಹೊತ್ತು ಏರುವಷ್ಟರಲ್ಲಿ ಬಿರುಕಿನಿಂದ ಒಂದು ಕೊಕ್ಕು, ಆಮೇಲೆ ಒದ್ದೆ ತಲೆ. ಅದು ಹೊರಗೆ ಬಿದ್ದು, ಬಟ್ಟೆ ಸುತ್ತಿದ ಬಾಟಲಿಗೆ ಆತುಕೊಂಡು, ಇಷ್ಟೊಂದು ಕಷ್ಟಪಟ್ಟು ಬಂದದ್ದು ಇಲ್ಲಿಗೇ ಎಂಬಂತೆ ನಮ್ಮನ್ನು ನೋಡಿತು. ಅದರ ಹಿಂದೆ ಇನ್ನೊಂದು. ಭೀಮರಾಜ ಅವತ್ತು ಬಸ್ಸು ತಪ್ಪಿಸಿಕೊಂಡ. ತಪ್ಪಿಸಿಕೊಂಡದ್ದಲ್ಲ, ಬಸ್ಸೇ ಬೇಗ ಹೋಯಿತು ಎಂದ. ಪೆಟ್ಟಿಗೆಯ ಗಾಜಿಗೆ ಮೂಗು ಒತ್ತಿಕೊಂಡು ಕೂತಿದ್ದವನಿಗೆ ಬಸ್ಸಿನ ಹಾರ್ನು ಕೇಳಿಸದಿದ್ದರೆ ಬಸ್ಸಿನ ತಪ್ಪೇ ಸರಿ.

ಎಲ್ಲವೂ ಒಡೆಯಲಿಲ್ಲ. ಮೂಲೆಯಲ್ಲಿದ್ದ ಕೆಲವು ತಣ್ಣಗಾಗಿ ಹಾಗೇ ಉಳಿದವು. ರಮಾ ಅವನ್ನು ಕಿವಿಗೆ ಹಿಡಿದು ಹಿಡಿದು ನೋಡಿ, ಸಂಜೆ ಹಿತ್ತಲಲ್ಲಿ ಹೂತು ಬಂದಳು. ಉಳಿದ ಮರಿಗಳು ಮಾತ್ರ ಒಂದರ ಮೇಲೊಂದು ಬಿದ್ದು ಮನೆಯನ್ನೇ ಸಂತೆ ಮಾಡಿದವು. ಅವಳು ಇಟ್ಟಿಗಿಗೆ ಫೋನು ಮಾಡಿ, ತಮ್ಮನಿಗೆ ಏನೂ ಹೇಳದೆ ಮರಿಗಳ ಹತ್ತಿರ ಫೋನು ಹಿಡಿದಳು. ಅತ್ತಲಿಂದ, “ಪೆಟ್ಟಿಗಿ ನೀನೇ ಇಟ್ಟುಕೋ ಅಕ್ಕ” ಎಂದು ಅವನು ಅಂದದ್ದು ನನಗೂ ಕೇಳಿಸಿತು.

ಟಿಸಿ? ಅದನ್ನು ಅವತ್ತೇ ಮಧ್ಯಾಹ್ನ ಸ್ವಾಮಿಗಳೇ ಇಳಿಸಿದರು. ದ್ಯಾಮಕ್ಕನ ಓಣಿಯವರು, ಟಿಸಿ ಬರುವ ತನಕ ದಿನಾ ಬೆಳಿಗ್ಗೆ ತೀರ್ಥಕ್ಕೆ ಬರುತ್ತೇವೆ ಎಂದು ಹೇಳಿ ಹೋಗಿದ್ದರಂತೆ. ಭಾರ ಎತ್ತಿದರೆ ಬರುವ ಕುಂದು ಆಗ ಎಲ್ಲಿ ಹೋಯಿತೋ. ಕಪ್ಪು ಪಂಚೆ ಎತ್ತಿಕಟ್ಟಿ, ಎಣ್ಣೆ ಬಳಿದುಕೊಂಡು, ಚೆಂಡುಹೂವಿನ ಟ್ರ್ಯಾಕ್ಟರಿಗೆ ಆ ಕರಿ ಡಬ್ಬಿಯನ್ನು ಏರಿಸಿದರು. ಅಂಜಿನೇಯಲು ಮುಂದೆ ಕೂತ. ಮರುಳಪ್ಪ ಮೈಕಿನಲ್ಲಿ, “ಲೋಕಕಲ್ಯಾಣಕ್ಕಾಗಿ ಸ್ವಾಮಿಗಳ ಸೇವೆ” ಎಂದು ಸಾರಿದ. ರಮಾಳ ಪೆಟ್ಟಿಗೆಯಿಂದ ಸುಟ್ಟದ್ದಲ್ಲ ಎಂದು ಸಾರಲಿಲ್ಲ. ಮೈಕು ಅಷ್ಟು ದೂರದ ಮಾತು ಹೇಳುವುದಿಲ್ಲ. ಮರುದಿನ ಸಂಜೆ ಬದಲಿ ಟಿಸಿ ಬಂದು ಬಲ್ಬು ಹೊತ್ತಿದಾಗ ಮರಿಗಳು ಅದನ್ನು ತಿರುಗಿಯೂ ನೋಡಲಿಲ್ಲ.

ಸಂಕ್ರಾಂತಿ ಕಳೆದು ಸ್ವಾಮಿಗಳು ಬೆಟ್ಟದಿಂದ ಬಂದರು, ಮಾಲೆ ತೆಗೆದರು. ಎರಡು ದಿನಕ್ಕೆ ಹುಲುಗೇಶ ನಮ್ಮ ಬಾಗಿಲಿಗೆ ಬಂದ. ಗಡ್ಡ ಹೋಗಿತ್ತು, ಗಂಧ ಹೋಗಿತ್ತು, ನಾನು ಮತ್ತೆ ಮುದುಕಿ ಆಗಿದ್ದೆ.

“ಏ ಮುದುಕಿ, ಸೊಸಿ ಎಲ್ಲಿ ಅದಾಳ? ನಾಳಿಂದ ಕಡ್ಲಿ ಕೀಳಾಕ ಕಳಿಸು.”

ರಮಾ ಒಳಗಿಂದಲೇ ಹೇಳಿದಳು. “ನಾ ಬರಂಗಿಲ್ಲ. ಬ್ಯಾರೇರನ್ನ ನೋಡ್ಕೋ.”

“ಯಾಕ? ಏನು ಕೆಲಸ ಬಂತು ನಿನಗ?”

ಅವಳು ಮರಿಗಳಿಗೆ ನುಚ್ಚು ಎರಚಿದಳು. ಅವನು ಕತ್ತು ಚಾಚಿ ಒಳಗೆ ನೋಡಿದ. ರೆಕ್ಕೆ ಮೂಡುತ್ತಿದ್ದ ಮರಿಗಳು ಬುಟ್ಟಿಯ ತುಂಬ ಓಡಾಡುತ್ತಿದ್ದವು. ಪೆಟ್ಟಿಗೆಯಲ್ಲಿ ಹೊಸ ಮೊಟ್ಟೆ ಇಟ್ಟಿದ್ದಳು. ಅವನ ದನಿ ಸ್ವಲ್ಪ ಮೆತ್ತಗಾಯಿತು. ವ್ರತ ಮುಗಿದು ಎರಡೇ ದಿನ, ನಾಲಗೆಗೆ ಬಹಳ ಬರಗಾಲ ಬಂದಿತ್ತೆಂದು ಕಾಣುತ್ತದೆ.

“ಚಲೋ ನಾಟಿ ಅದಾವಲ್ಲ! ದೊಡ್ಡವಾದ ಮ್ಯಾಲ ಎರಡು ಹುಂಜ ನನಗ ಇಡು. ಊರಾಗ ಮೊದಲು ನನಗ ಕೊಡಬೇಕು, ನೋಡು.”

“ಇವು ತೀರ್ಥದಾಗ ಹುಟ್ಟಿದವು,” ಎಂದಳು ರಮಾ, “ನಿನ್ನ ಬಾಯಿಗೆ ಬಂದ್ರ ಮೈಲಿಗಿ ಆಗತೈತಿ.”

ಅವನ ಮುಖ ಅವತ್ತಿನ ಬಕೆಟ್ಟು ಮತ್ತೊಮ್ಮೆ ಸುರಿದ ಹಾಗಾಯಿತು. ಏನೋ ಅನ್ನಲು ಬಾಯಿ ತೆರೆದ.

“ಬಾಗಿಲು ಬಿಟ್ಟು ಆ ಕಡಿ ನಿಲ್ಲಪ್ಪ,” ಎಂದೆ. “ಮರಿಗೆ ಗಾಳಿ ಹೊಡೀತೈತಿ.”